ಇದು ಯಾವ ಜಾತಿ ಮೊಲ?

ಕಪ್ಪು ಸೀರೆ ಉಟ್ಟ ದಿನವೇ ನಮ್ಮ ಮನೆಯ ಮೊಲಕ್ಕೆ ನನ್ನ ಮೇಲೆ ಪ್ರೀತಿ ಉಕ್ಕುತ್ತದೆ. ಹೊರಡುವ ಗಡಿಬಿಡಿಯಲ್ಲಿ ನಾನು ಚಪ್ಪಲಿ ಹುಡುಕುತ್ತಿರುವಾಗ ಬಂದು ನೆರಿಗೆಗೆ ಗದ್ದ ಉಜ್ಜಿ, ಮೈ ಉಜ್ಜಿ, ಏನೂ ಆಗಿಲ್ಲವೆಂಬಂತೆ ಸೋಫಾ ಕೆಳಗೆ ಹೋಗಿ ಕೂತುಬಿಡುತ್ತದೆ. ನಾನು ಹಾಗೆಯೇ ಬಸ್ಸು ಹತ್ತಿ, ಆರ್.ಟಿ. ನಗರದ ಶಾಲೆ ಸೇರಿ, ಸ್ಟಾಫ್ ರೂಮಿನ ಕಿಟಕಿಯ ಪಕ್ಕ ಕೂತಾಗಲೇ ತಿಳಿಯುವುದು, ಮೊಣಕಾಲಿನವರೆಗೂ ಕೂದಲು. ನಿನ್ನೆಯೂ ಹಾಗೇ ಆಯಿತು. ಒಂದೊಂದಾಗಿ ಆರಿಸಿ ತೆಗೆಯುತ್ತಿದ್ದವಳು ಒಂದು ಕೂದಲನ್ನು ಬೆಳಕಿಗೆ ಹಿಡಿದೆ. ಬುಡದಲ್ಲಿ ಬೂದಿ, ನಡುವೆ ಹಾಲಿಗೆ ಚೂರು ಅರಿಶಿನ ಬೆರೆಸಿದಂಥ ಹಳದಿ, ತುದಿಯಲ್ಲಿ ಕಪ್ಪು. ಇರುವುದು ಒಂದೇ ಕೂದಲು, ಅದಕ್ಕೇ ಮೂರು ಬಣ್ಣ. ನಾನು ಚಿತ್ರಕಲೆಯ ಟೀಚರು, ಬಣ್ಣ ಬೆರೆಸುವುದನ್ನು ಕಲಿಸಿಯೇ ಹೊಟ್ಟೆ ಹೊರೆಯುವವಳು. ಆದರೂ ನಮ್ಮ ಮೊಲದ ಬಣ್ಣ ಏನು ಎಂದು ಯಾರಾದರೂ ಕೇಳಿದರೆ ಇವತ್ತಿಗೂ ತಡವರಿಸುತ್ತೇನೆ. ಇನ್ನು ಜಾತಿ ಕೇಳಿದರಂತೂ ಮುಗಿದೇ ಹೋಯಿತು.

ಕೇಳದವರು ಯಾರು ಹೇಳಿ? ಸಹಕಾರನಗರದ ನಮ್ಮ ಬೀದಿಯಲ್ಲಿ ಬೆಳಗಿನ ಹೊತ್ತು ಮನುಷ್ಯರಿಗಿಂತ ನಾಯಿಗಳೇ ಹೆಚ್ಚು ವಾಕಿಂಗ್ ಹೋಗುತ್ತವೆ. ಎಲ್ಲವೂ ಜಾತಿ ನಾಯಿಗಳು. ಅವುಗಳ ಹಿಂದೆ ಬೆಲ್ಟು ಹಿಡಿದು ಓಡುವವರಿಗೆ ತಮ್ಮ ಮುತ್ತಜ್ಜನ ಹೆಸರು ಗೊತ್ತಿರುತ್ತದೋ ಇಲ್ಲವೋ, ನಾಯಿಯ ಮುತ್ತಜ್ಜನ ಹೆಸರು ಮಾತ್ರ ಬಾಯಿಪಾಠ. ಒಂದು ದಿನ ಮೊಲವನ್ನು ಎದೆಗವಚಿಕೊಂಡು ಗೇಟಿನ ಹತ್ತಿರ ಎಳೆಬಿಸಿಲಿಗೆ ನಿಂತಿದ್ದೆ. ಎದುರು ಮನೆಯ ಲ್ಯಾಬ್ರಡಾರಿನ ಯಜಮಾನರು ನಿಂತು ಕೇಳಿದರು.

"ಯಾವ ಬ್ರೀಡ್ ಮೇಡಂ?"

"ಗೊತ್ತಿಲ್ಲ ಸರ್. ಯಾರೋ ಕೊಟ್ಟಿದ್ದು."

"ಪೇಪರ್ಸ್ ಏನೂ ಕೊಟ್ಟಿಲ್ವಾ?"

"ಒಂದು ಬುಟ್ಟಿ ಕೊಟ್ರು. ಅದರಲ್ಲಿ ಹಳೇ ಪೇಪರ್ ಹಾಸಿತ್ತು."

ಅವರು ನನ್ನನ್ನೂ ಮೊಲವನ್ನೂ ಒಮ್ಮೆ ಕನಿಕರದಿಂದ ನೋಡಿ ಮುಂದೆ ಹೋದರು.

ನಾನು ಹೇಳಿದ್ದು ನಿಜವೇ. ನಮ್ಮ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ಗಂಡ ಹೆಂಡತಿ ಪುಣೆಗೆ ವರ್ಗವಾಗಿ ಹೊರಟಾಗ, "ಒಂದ್ ವಾರ ಇಟ್ಕೊಂಡಿರಿ ಆಂಟಿ, ಸೆಟಲ್ ಆದ ತಕ್ಷಣ ಬಂದು ತಗೊಂಡ್ ಹೋಗ್ತೀವಿ" ಎಂದು ಬುಟ್ಟಿಯನ್ನು ನಮ್ಮ ಬಾಗಿಲಲ್ಲಿಟ್ಟು ಹೋದರು. ಅವರು ಇನ್ನೂ ಸೆಟಲ್ ಆಗಿಲ್ಲವೆಂದು ತೋರುತ್ತದೆ. ಬುಟ್ಟಿ ತೆರೆದಾಗ ರಾಗಿಹಿಟ್ಟಿನ ಬಣ್ಣದ ಒಂದು ಉಂಡೆ ಕಂಡಿತು. ನನ್ನ ಮಗಳು ಇಳಾ ಆಗ ಏಳನೇ ಕ್ಲಾಸು. "ಅಮ್ಮಾ, ಅಜ್ಜಿ ಮನೆ ಮುದ್ದೆ!" ಎಂದು ಕೂಗಿದಳು. ಅಂದಿನಿಂದ ಅದರ ಹೆಸರು ರಾಗಿ.

ಉಂಡೆ ಬಿಚ್ಚಿಕೊಂಡು ನಡೆದಾಡತೊಡಗಿದ ಮೇಲೆ ಅದರ ರೂಪ ತಿಳಿಯಿತು. ಬಲಗಿವಿ ನೆಟ್ಟಗೆ ನಿಂತಿತ್ತು, ಎಡಗಿವಿ ಕೆನ್ನೆಯ ಮೇಲೆ ಜೋತುಬಿದ್ದಿತ್ತು. ಹಣೆಯ ಮೇಲೆ ಯಾರೋ ಅವಸರದಲ್ಲಿ ಇಟ್ಟ ನಾಮದಂತೆ ಓರೆಯಾದ ಒಂದು ಬಿಳಿ ಗೆರೆ. ಕುತ್ತಿಗೆಯ ಸುತ್ತ ಮಾತ್ರ ಉದ್ದುದ್ದ ಕೂದಲು, ಚಳಿಗಾಲದಲ್ಲಿ ಹೆಬ್ಬಾಳದ ಕೆರೆ ಏರಿಯ ಮೇಲೆ ವಾಕಿಂಗ್ ಬರುವ ತಾತಂದಿರ ಮಫ್ಲರಿನಂತೆ. ಮುಂದಿನ ಕಾಲೊಂದು ಬಿಳಿ, ಮಿಕ್ಕ ಮೂರು ಬೂದು. ದೇವರು ದಿನದ ಕೆಲಸ ಮುಗಿಸಿ ಏಳುವಾಗ ಕೈಯಲ್ಲಿ ಉಳಿದ ಚೂರುಪಾರನ್ನೆಲ್ಲ ಸೇರಿಸಿ ಮಾಡಿದ ಪ್ರಾಣಿ ಎಂದು ನನಗನ್ನಿಸಿತ್ತು.

ಇಳಾ ತನ್ನ ಅಪ್ಪನ ಮೊಬೈಲಿನಲ್ಲಿ ಫೋಟೊ ತೆಗೆದು ಯಾವುದೋ ಆ್ಯಪಿಗೆ ತೋರಿಸಿದಳು. ಬಲಗಡೆಯಿಂದ ತೆಗೆದ ಫೋಟೊಗೆ ಅದು ಒಂದು ಜಾತಿ ಹೇಳಿತು, ಎಡಗಡೆಯಿಂದ ತೆಗೆದುದಕ್ಕೆ ಇನ್ನೊಂದು. ಹಿಂದಿನಿಂದ ತೆಗೆದಾಗ ಬೆಕ್ಕು ಎಂದಿತು.

ಇಲ್ಲಿ ನಮ್ಮ ಮಾವನವರ ಪ್ರವೇಶವಾಗಬೇಕು. ಅದಕ್ಕೆ ಮೊದಲು ಅವರ ಬಗ್ಗೆ ಸ್ವಲ್ಪ ಹೇಳದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ.

ನಾನು ಜಾಲಹಳ್ಳಿ ಹತ್ತಿರದ ಶೆಟ್ಟಿಹಳ್ಳಿಯವಳು. ಅದು ನಿಜಕ್ಕೂ ಹಳ್ಳಿಯಾಗಿದ್ದ ಕಾಲದಲ್ಲಿ ಅಲ್ಲಿ ನಮಗೆ ಒಂದಿಷ್ಟು ರಾಗಿಹೊಲವಿತ್ತು. ನನ್ನ ಗಂಡ ಪ್ರಕಾಶ ಸಂಜಯನಗರದವರು. ಅವರ ಜನ ಬೇರೆ, ನಮ್ಮ ಜನ ಬೇರೆ. ರಿಜಿಸ್ಟ್ರಾರ್ ಕಚೇರಿಯಲ್ಲಿ ನಮ್ಮ ಮದುವೆಯಾದಾಗ ಅತ್ತೆ ಅಳುತ್ತಲೇ ಬಂದು, ಅಳುತ್ತಲೇ ಅಕ್ಷತೆ ಹಾಕಿ, ಆಮೇಲೆ ನನ್ನ ಕೆನ್ನೆ ಹಿಂಡಿ ನಕ್ಕುಬಿಟ್ಟರು. ಮಾವನವರು ಬರಲೇ ಇಲ್ಲ. ಕೆಲವು ವರ್ಷಗಳ ನಂತರ ನನ್ನ ಅಪ್ಪ ತೀರಿಕೊಂಡಾಗಲೂ ಅತ್ತೆಯೊಬ್ಬರೇ ಬಂದಿದ್ದರು.

ಅವರು ಕೆಟ್ಟವರಲ್ಲ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ರಸ್ತೆಬದಿಯ ಗಿಡವೊಂದು ಹೂ ಬಿಟ್ಟರೆ ಬಗ್ಗಿ ನೋಡಿ, ಅದರ ಕುಲ ಗೋತ್ರವನ್ನೆಲ್ಲ ಲ್ಯಾಟಿನ್ನಿನಲ್ಲಿ ಹೇಳಿ, ಅದಕ್ಕೊಂದು ನಮಸ್ಕಾರ ಹಾಕುವಷ್ಟು ಮೃದು. ಅತ್ತೆ ಹೋದ ಮೇಲೆ ನಮ್ಮ ಜೊತೆ ಇರಲು ಬಂದರು. ನನ್ನ ಮೇಲೆ ಒಂದು ದಿನವೂ ದನಿ ಎತ್ತಲಿಲ್ಲ. ತೊಂದರೆ ಅದೇ ಆಗಿತ್ತು. ಅವರು ನನ್ನನ್ನು ನೀವು ಎನ್ನುತ್ತಿದ್ದರು.

ಸೊಸೆಯನ್ನು ಯಾರಾದರೂ ನೀವು ಎನ್ನುತ್ತಾರೆಯೇ? "ಕಾಫಿ ಚೆನ್ನಾಗಿತ್ತು ನೋಡಿ", "ಪೇಪರ್ ಬಂದಿದ್ರೆ ಕೊಡ್ತೀರಾ?", "ನೀವು ಊಟ ಮುಗಿಸ್ಕೊಳಿ, ನಾನು ಆಮೇಲೆ ಮಾಡ್ತೀನಿ." ಬ್ಯಾಂಕಿನಲ್ಲಿ ಕೌಂಟರಿನ ಆಚೆಗೆ ಕೂತವರೊಡನೆ ಮಾತಾಡಿದ ಹಾಗೆ. ಬೈದಿದ್ದರೆ ಅಳಬಹುದಿತ್ತು, ತಿರುಗಿ ಜಗಳ ಆಡಬಹುದಿತ್ತು. ನೀವು ಎಂದರೆ ಏನು ಮಾಡುವುದು? ನಮ್ಮ ಮಾವ ನನಗೆ ಬಹಳ ಮರ್ಯಾದೆ ಕೊಡುತ್ತಾರೆ ಎಂದು ಯಾರ ಹತ್ತಿರ ದೂರುವುದು?

ಅಂಥ ಮನೆಗೆ ರಾಗಿ ಬಂತು. ಮೊದಲೆರಡು ದಿನ ಮಾವನವರು ಅದರ ಕಡೆ ತಿರುಗಿಯೂ ನೋಡಲಿಲ್ಲ. ಮೂರನೆಯ ದಿನ ಲ್ಯಾಬ್ರಡಾರಿನವರು ಮತ್ತೆ ಗೇಟಿನ ಹತ್ತಿರ, "ಪಾಪ, ಜಾತಿ ಇಲ್ದಿರೋ ಮೊಲ" ಎಂದದ್ದು ವರಾಂಡದಲ್ಲಿ ಪೇಪರು ಓದುತ್ತಿದ್ದ ಅವರ ಕಿವಿಗೆ ಬಿತ್ತು. ಪೇಪರು ಮಡಿಸಿಟ್ಟು ಎದ್ದು ಬಂದರು.

"ಜಾತಿ ಅಲ್ಲ ಸ್ವಾಮಿ, ತಳಿ ಅನ್ಬೇಕು. ತಳಿ ಇಲ್ದಿರೋ ಪ್ರಾಣಿ ಪ್ರಪಂಚದಲ್ಲಿ ಯಾವುದೂ ಇಲ್ಲ. ನಮಗೆ ಗೊತ್ತಿಲ್ಲ, ಅಷ್ಟೇ. ಗೊತ್ತು ಮಾಡ್ಕೋಬೇಕು."

ಜಾತಿ ಅನ್ನಬಾರದು, ತಳಿ ಅನ್ನಬೇಕು. ಈ ತಿದ್ದುಪಡಿ ನಮ್ಮ ಮದುವೆಯ ಹೊತ್ತಿಗೆ ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡು ಸಾರಿಗೆ ಒಗ್ಗರಣೆ ಹಾಕಲು ಒಳಗೆ ಹೋದೆ.

ಮರುದಿನದಿಂದ ಶೋಧ ಶುರುವಾಯಿತು. ಹಳೆಯ ಪೆಟ್ಟಿಗೆಯಿಂದ ಮಸೂರ ಹೊರಗೆ ಬಂತು. ನನ್ನ ಹೊಲಿಗೆ ಡಬ್ಬಿಯಿಂದ ಅಳತೆ ಟೇಪು ಮಾಯವಾಯಿತು. ರಾಗಿಗೆ ಅಳತೆ ಕೊಡುವ ಮನಸ್ಸಿರಲಿಲ್ಲ. ಇಳಾ ಶಾಲೆಗೆ, ಪ್ರಕಾಶ ಆಫೀಸಿಗೆ ಹೋಗಿಯಾಗಿತ್ತು, ನನಗೆ ಆ ದಿನ ರಜೆ. ಮಾವನವರು ಹಾಲಿನಿಂದ ಸಂಕೋಚದಲ್ಲಿ ಕರೆದರು.

"ಸ್ವಲ್ಪ ಬರ್ತೀರಾ? ಇದನ್ನ ಒಂದು ನಿಮಿಷ ಹಿಡ್ಕೊಂಡ್ರೆ ಕಿವಿ ಅಳೀಬಹುದು."

ನಾನು ಹೋಗಿ ನೆಲದ ಮೇಲೆ ಕೂತು ರಾಗಿಯನ್ನು ಮಡಿಲಿಗೆಳೆದುಕೊಂಡೆ. ಅವರು ನಿಂತ ಕಿವಿಗೆ ಟೇಪು ಹಿಡಿದರು. ರಾಗಿ ಕೊಸರಿತು. ಹಿಂಗಾಲಿನಿಂದ ನನ್ನ ಹೊಟ್ಟೆಗೆ ಝಾಡಿಸಿ ಒದ್ದು ಅರ್ಧ ಜಾರಿಯೇಬಿಟ್ಟಿತು.

"ಬಿಡ್ಬೇಡ ಕಣೇ! ಗಟ್ಟಿಯಾಗಿ ಹಿಡ್ಕೋ! ಒಂದು ಮೊಲ ಹಿಡಿಯಕ್ಕೂ ಬರಲ್ವಲ್ಲೇ ನಿಂಗೆ!"

ರಾಗಿ ತಪ್ಪಿಸಿಕೊಂಡು ಸೋಫಾ ಕೆಳಗೆ ನುಗ್ಗಿತು. ನಾವಿಬ್ಬರೂ ನೆಲದ ಮೇಲೆ ಉಳಿದೆವು, ನಡುವೆ ಟೇಪು. ತಾವು ಅಂದದ್ದೇನೆಂದು ಮಾವನವರಿಗೆ ಆಮೇಲೆ ಹೊಳೆದಿರಬೇಕು, ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸತೊಡಗಿದರು. ನಾನು ತಲೆ ತಗ್ಗಿಸಿ ಸೋಫಾ ಕೆಳಗೆ ನೋಡುವ ನೆಪ ಮಾಡಿದೆ. ಕಣೇ ಎಂದಿದ್ದರು. ಬೈದಿದ್ದರು! ಆ ಬೈಗುಳ ಎಷ್ಟು ಹಿತವಾಗಿತ್ತೆಂದರೆ ಆ ದಿನವೆಲ್ಲ ಪಾತ್ರೆ ತೊಳೆಯುವಾಗ, ಬಟ್ಟೆ ಮಡಿಸುವಾಗ ಅದನ್ನೇ ಬಾಯಲ್ಲಿ ಚಪ್ಪರಿಸಿಕೊಂಡು ಓಡಾಡಿದೆ. ಪ್ರಕಾಶ ಸಂಜೆ ಬಂದವರು, "ಏನೇ ಇಷ್ಟ್ ಖುಷಿ? ಇನ್ಕ್ರಿಮೆಂಟ್ ಬಂತಾ?" ಎಂದು ಕೇಳಿದರು. ನಿಮ್ಮಪ್ಪ ನನ್ನನ್ನು ಬೈದರು ಎಂದರೆ ಗಾಬರಿಯಾದರು.

ಆಮೇಲೆ ಆ ನೀವು ಮೆಲ್ಲಗೆ ಸವೆಯಿತು. ಬೆಳಿಗ್ಗೆ ನೀವು, ಮೊಲ ಹಿಡಿಯುವಾಗ ನೀನು. ಕೊನೆಕೊನೆಗೆ ಮೊಲವಿಲ್ಲದಾಗಲೂ ನೀನು.

ಆ ದಿನಗಳ ಮಧ್ಯಾಹ್ನಗಳು ನನಗೆ ಈಗಲೂ ಕನಸಿನಲ್ಲಿ ನಡೆದಂತೆ ನೆನಪಾಗುತ್ತವೆ. ಶಾಲೆಗೆ ಬೇಸಿಗೆ ರಜೆ. ಕಿಟಕಿಯ ಪರದೆ ಉಬ್ಬುತ್ತಿತ್ತು, ತಗ್ಗುತ್ತಿತ್ತು. ಜಕ್ಕೂರಿನಿಂದ ಎದ್ದ ಸಣ್ಣ ವಿಮಾನವೊಂದು ದುಂಬಿಯಂತೆ ಗುಂಯ್‌ಗುಟ್ಟುತ್ತ ಮನೆಯ ಮೇಲೆ ಹಾದು ಹೋಗುತ್ತಿತ್ತು. ದೂರದಲ್ಲಿ ಕೊಡಿಗೇಹಳ್ಳಿಯ ಕಡೆ ರೈಲು ಕೂಗುತ್ತಿತ್ತು. ತಂಪು ಮೊಸಾಯಿಕ್ಕಿನ ಮೇಲೆ ರಾಗಿ ಹಿಂಗಾಲನ್ನು ಹಿಂದಕ್ಕೆ ಚಾಚಿ, ಹೊಟ್ಟೆಯನ್ನು ನೆಲಕ್ಕೆ ಹರಡಿ, ಕಣ್ಣು ಅರ್ಧ ತೆರೆದು ಮಲಗಿರುತ್ತಿತ್ತು. ಮೂಗು ಮಾತ್ರ ನಿಲ್ಲದೆ ಮಿಡಿಯುತ್ತಿತ್ತು. ಅದರ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಮಾವನವರು, ಎದೆಯ ಮೇಲೆ ಮಸೂರ. ನಿದ್ದೆಯೋ ಎಚ್ಚರವೋ ತಿಳಿಯದ ದನಿಯಲ್ಲಿ ಮಾತಾಡುತ್ತಿದ್ದರು. "ತಾಯಿ ಕಡೆ ಸೋವಿಯತ್ ಚಿಂಚಿಲ್ಲಾ ತಳಿ ಇರ್ಬೇಕು. ಕೂದಲು ಊದಿದ್ರೆ ಒಳಗೆ ಬಳೆ ಬಳೆ ಕಾಣತ್ತೆ ನೋಡು." ನಾನು ಬಗ್ಗಿ ಮೆಲ್ಲಗೆ ಊದುತ್ತಿದ್ದೆ. ಕೂದಲು ಹೂವಿನಂತೆ ಬಿರಿದು, ನಡುವೆ ನಸುಗೆಂಪು ಚರ್ಮ, ಅದರ ಸುತ್ತ ಬೂದು, ಹಳದಿ, ಕಪ್ಪು ಉಂಗುರಗಳು. ನೋಡುತ್ತ ನೋಡುತ್ತ ಅದರೊಳಕ್ಕೆ ಇಳಿದುಹೋದಂತಾಗುತ್ತಿತ್ತು.

ಆದರೆ ಚಿಂಚಿಲ್ಲಾಕ್ಕೆ ಕಿವಿ ಜೋಲುವುದಿಲ್ಲ. ಹಾಗಾಗಿ ತಂದೆಯ ಕಡೆ ಲಾಪ್ ಎಂಬ ಜೋಲುಗಿವಿಯ ತಳಿ ಬಂತು. ಹಣೆಯ ನಾಮಕ್ಕೆ ಡಚ್ ತಳಿಯ ಅಜ್ಜಿಯೊಬ್ಬಳು ಬೇಕಾದಳು. ಕುತ್ತಿಗೆಯ ಮಫ್ಲರಿಗೆ ಉದ್ದ ಕೂದಲಿನ ಅಂಗೋರ. ವಾರಕ್ಕೊಂದು ಸಿದ್ಧಾಂತ. ಪೇಟೆಯಲ್ಲಿ ಮೊಲ ಮಾರುವವರೊಬ್ಬರನ್ನು ಕೇಳಿದಾಗ ಅವರು, "ಸರ್, ಇವೆಲ್ಲಾ ಒಂದೇ ಬೋನಲ್ಲಿ ಇರ್ತವೆ. ಯಾವುದಕ್ಕೆ ಯಾವುದು ಹುಟ್ತು ಅಂತ ಯಾರಿಗ್ ಗೊತ್ತು" ಎಂದು ಹೇಳಿ ಕೈ ತೊಳೆದುಕೊಂಡರೂ ಮಾವನವರು ಬಿಡಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವುದನ್ನು ಗಾದೆಯಲ್ಲಿ ಕೇಳಿದ್ದೆ. ನಮ್ಮ ಮನೆಯಲ್ಲಿ ಆ ಮೂರು ಕಾಲಿಗೆ ಮೂರು ದೇಶ.

ಒಂದು ಸಂಜೆ ಇಳಾ ರಜೆಯ ಹೋಮ್‌ವರ್ಕ್ ಮಾಡುತ್ತಾ ಕೇಳಿದಳು. "ತಾತ, ಅಂದ್ರೆ ರಾಗಿ ಮಿಕ್ಸಾ?"

"ಸಂಕರ ಅಂತಾರೆ ಪುಟ್ಟಿ. ಅದೇನೂ ಕಮ್ಮಿ ಅಲ್ಲ. ಎರಡು ಬೇರೆ ತಳಿ ಕೂಡಿ ಹುಟ್ಟಿದ್ದಕ್ಕೆ ಎಷ್ಟೋ ಸಲ ಶಕ್ತಿ ಜಾಸ್ತಿ ಇರತ್ತೆ. ಜೋಳದಲ್ಲಿ ನೋಡಿದೀವಿ, ಹತ್ತೀಲಿ ನೋಡಿದೀವಿ. ನಾನು ಜೀವಮಾನವೆಲ್ಲಾ ಅದನ್ನೇ ಪಾಠ ಮಾಡಿದ್ದು."

"ಹಾಗಾದ್ರೆ ನಾನೂ ಮಿಕ್ಸೇ ಅಲ್ವಾ ತಾತ? ಅದಕ್ಕೇ ನಾನು ಖೋಖೋದಲ್ಲಿ ಯಾರ್ ಕೈಗೂ ಸಿಗಲ್ಲ."

ಅವಳು ಅದನ್ನು ಖೋಖೋದ ವಿಷಯವಾಗಿಯೇ ಹೇಳಿ ಲೆಕ್ಕಕ್ಕೆ ಮರಳಿದಳು. ನಾನು ಬಾಗಿಲಲ್ಲಿ ಬೀನ್ಸ್ ಬಿಡಿಸುತ್ತಾ ಕೂತಿದ್ದೆ.  ಮಾವನವರು ಎದ್ದು ಹೋಗಿ ಬೆಳಿಗ್ಗೆ ನೀರು ಹಾಕಿದ್ದ ಕುಂಡಗಳಿಗೆಲ್ಲ ಇನ್ನೊಮ್ಮೆ ನೀರು ಹಾಕಿದರು.

ಮಳೆಗಾಲ ಹತ್ತಿರವಾದಾಗ ಅವ್ವ ಬಂದಳು. ಶೆಟ್ಟಿಹಳ್ಳಿಯಿಂದ ನಮ್ಮ ಮನೆಗೆ ಬಂದರೆ ಅವಳದು ಒಂದೇ ಕ್ರಮ. ನೇರ ಅಡಿಗೆಮನೆಗೆ ಬಂದು ನೆಲದ ಮೇಲೆ ಕೂರುವುದು, ಅಲ್ಲಿಂದಲೇ ಹೊರಟುಬಿಡುವುದು. ಅವಳಿದ್ದಷ್ಟು ಹೊತ್ತು ಮಾವನವರು ತಮ್ಮ ಕೋಣೆಯಲ್ಲಿರುತ್ತಿದ್ದರು. ಎದುರಾದರೆ ಇಬ್ಬರೂ ಕೈ ಮುಗಿದು ಪಕ್ಕಕ್ಕೆ ಸರಿಯುತ್ತಿದ್ದರು. ಈ ಸಲ ಅಡಿಗೆಮನೆಗೆ ಹೋಗುವ ದಾರಿಯಲ್ಲಿ ರಾಗಿ ಅಡ್ಡ ಬಂತು. ಅವ್ವ ಹಾಲಿನ ನಡುವೆಯೇ ಕುಕ್ಕರುಗಾಲಲ್ಲಿ ಕೂತುಬಿಟ್ಟಳು.

"ಏ ಮಂಜಿ, ಇದು ನಮ್ ಒಲದ್ ಮೊಲ ಕಣೇ! ಬಣ್ಣ ನೋಡು, ಅದೇ ಬಣ್ಣ. ರಾಗಿ ಪೈರ್ನಾಗೆ ಕುಂತ್ರೆ ಕಾಣ್ತಾನೇ ಇರ್ಲಿಲ್ಲ. ನಿಮ್ಮಪ್ಪ ಇಂಗೆ ಒಂದ್ ಇಡ್ಕಂಡ್ ಬಂದ್ರೆ ಮನೆಮಂದಿಗೆಲ್ಲಾ ಸಾರು..."

"ಅಜ್ಜೀ!" ಇಳಾ ಕಿರುಚಿ ರಾಗಿಯ ಕಿವಿ ಮುಚ್ಚಿದಳು. ನಿಂತ ಕಿವಿಯನ್ನು ಮಾತ್ರ, ಇನ್ನೊಂದು ತಾನೇ ಮುಚ್ಚಿಕೊಂಡಿತ್ತಲ್ಲ.

ಕೋಣೆಯ ಬಾಗಿಲು ತೆರೆಯಿತು. ಮಾವನವರು ಹೊಸ್ತಿಲಲ್ಲಿ ನಿಂತಿದ್ದರು.

"ಸಾಧ್ಯವೇ ಇಲ್ಲ. ಹೊಲದ ಮೊಲ ಬೇರೆ, ಸಾಕೋ ಮೊಲ ಬೇರೆ. ಎರಡೂ ಕೂಡಲ್ಲ."

ಅವ್ವ ಸೆರಗು ಸರಿ ಮಾಡಿಕೊಂಡಳು. ಆದರೆ ಏಳಲಿಲ್ಲ. "ಯಾಕ್ ಕೂಡಾಕಿಲ್ಲ? ಮೊಲ ಮೊಲಾನೇ ಅಲ್ವಾ?"

"ನೋಡೋಕೆ ಒಂದೇ ಥರ ಇರ್ತವೆ, ಅಷ್ಟೇ. ಒಳಗೆ ಕುಲವೇ ಬೇರೆ."

"ಒಳೀಕ್ ಒಕ್ಕಂಡ್ ನೋಡ್ದೋರ್ ಯಾರು? ಅದೆಲ್ಲಾ ನಿಮ್ ಪುಸ್ತಕ್ದಾಗೆ ಇರ್ತದೆ ಬೀಗ್ರೇ. ನಾನ್ ಒಲದಾಗೆ ನೋಡಿವ್ನಿ."

ಬೀಗ್ರೇ! ಇಷ್ಟು ವರ್ಷದಲ್ಲಿ ಆ ಮಾತು ಅವ್ವನ ಬಾಯಿಂದ ಬಂದಿರಲಿಲ್ಲ. ನನ್ನ ಕೈಯಲ್ಲಿದ್ದ ಕಾಫಿ ಲೋಟ ಬೆರಳು ಸುಡುತ್ತಿದ್ದುದು ಆಮೇಲೆ ತಿಳಿಯಿತು. ಮಾವನವರು ಒಂದು ಕ್ಷಣ ಅವ್ವನನ್ನು ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಹಾಲಿನಲ್ಲಿ ಕೂತರು.

"ಸರಿ, ಹೊಲದ ಮೊಲದ ಮರಿ ಹುಟ್ಟುತ್ಲೇ ಕಣ್ಣು ಬಿಟ್ಟಿರತ್ತಾ, ಮುಚ್ಚಿರತ್ತಾ? ಹೇಳಿ ನೋಡೋಣ."

"ಬಿಟ್ಕಂಡೇ ಉಟ್ತದೆ. ಮೈಮೇಲೆ ಕೂದ್ಲೂ ಇರ್ತದೆ."

"ಹಾಂ! ಸಾಕೋ ಮೊಲದ ಮರಿ ಕಣ್ಣು ಮುಚ್ಕೊಂಡು, ಬರಿಮೈಯಲ್ಲಿ ಹುಟ್ಟತ್ತೆ. ಈಗ ಹೇಳಿ, ಎರಡೂ ಒಂದೇನಾ?"

ವಾದ ಊಟದ ಹೊತ್ತನ್ನು ದಾಟಿ ಹೋಯಿತು. ಮಾವನವರು ಹೇಳಿದ್ದೇ ಸರಿ, ಆಮೇಲೆ ನಾನೂ ಓದಿ ನೋಡಿದೆ. ಆದರೆ ಅವ್ವ ಒಪ್ಪಬೇಕಲ್ಲ! ಅವಳು ಹಿಡಿದ ಮೊಲಕ್ಕೂ ಮೂರೇ ಕಾಲು. ಹುಡುಗಿಯ ಕಡೆಯವರು, ಹುಡುಗನ ಕಡೆಯವರು ಎದುರುಬದುರು ಕೂತು ಬಿಟ್ಟುಕೊಡದೆ ವಾದ ಮಾಡುವುದನ್ನು ನಾನು ಬೇರೆಯವರ ಮದುವೆಗಳಲ್ಲಿ ನೋಡಿ ಆಸೆಪಟ್ಟಿದ್ದೆ. ನಮ್ಮ ಮದುವೆಯಲ್ಲಿ ನಡೆಯದೆ ಉಳಿದ ಬೀಗರ ಜಗಳ ಇಷ್ಟು ತಡವಾಗಿ, ಒಂದು ಮೊಲದ ವಂಶದ ಮೇಲೆ ನಡೆಯುತ್ತಿತ್ತು. ಅಡಿಗೆಮನೆಯ ಬಾಗಿಲಿಗೆ ಒರಗಿ, ಯಾವುದೋ ಹಳೆಯ ಮದುವೆಮನೆಯಲ್ಲಿ ನಾನೇ ಮದುವಣಗಿತ್ತಿಯಾಗಿ ಕೂತಿದ್ದೇನೆ ಎಂದುಕೊಂಡು ಕೇಳಿಸಿಕೊಂಡೆ.

ಸಂಜೆ ಅವ್ವನನ್ನು ಬಸ್ಸಿಗೆ ಬಿಡುವ ಮುಂಚೆ ಎಲ್ಲರೂ ಮಹಡಿಯ ಮೇಲೆ ಒಣಗಿದ ಬಟ್ಟೆ ತರಲು ಹೋದೆವು. ಕತ್ತಲಾಗಿರಲಿಲ್ಲ. ಆಕಾಶ ಇನ್ನೂ ನೀಲಿಯಿರುವಾಗಲೇ ಜಕ್ಕೂರಿನ ಕಡೆಯಿಂದ ಚಂದ್ರ ಎದ್ದಿತ್ತು, ಹಪ್ಪಳದಷ್ಟು ತೆಳ್ಳಗೆ. ಅವ್ವ ಇಳಾಗೆ ಬೆರಳು ತೋರಿಸಿದಳು. "ಅಗಾ, ಅಲ್ಲೂ ಮೊಲ ಕುಂತದೆ ನೋಡು. ನಿಮ್ಮವ್ವ ಚಿಕ್ಕೋಳಿದ್ದಾಗ ಇದನ್ನ ತೋರ್ಸಿದ್ರೇನೇ ತುತ್ತು ನುಂಗ್ತಿದ್ದಿದ್ದು." ಇಳಾ ಕೇಳಿದಳು, "ಅದು ಯಾವ ಬ್ರೀಡ್ ತಾತ?" ಮಾವನವರು ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು. ಅಷ್ಟು ಹೊತ್ತು ನೋಡಿದ್ದು ನೋಡಿ ನಾವೆಲ್ಲ ನೋಡತೊಡಗಿದೆವು. "ಅದಕ್ಕೂ ಒಂದು ಕಿವಿ ಬಿದ್ದ ಹಾಗಿದೆಯಲ್ಲೇ" ಎಂದರು. ಅವ್ವ ನಕ್ಕಳು, ಮಾವನವರೂ ನಕ್ಕರು. ಅವರಿಬ್ಬರೂ ಒಟ್ಟಿಗೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಒಂದು ಭಾನುವಾರ ಬೆಳಿಗ್ಗೆ ರಾಗಿ ಕೊತ್ತಂಬರಿ ಸೊಪ್ಪಿಗೆ ಬರಲಿಲ್ಲ.

ಕೊತ್ತಂಬರಿ ಕಟ್ಟು ಬಿಚ್ಚುವ ಸದ್ದಿಗೇ ಓಡಿಬರುವ ಪ್ರಾಣಿ ಅದು. ಹೋಗಿ ನೋಡಿದರೆ ಬಾತ್‌ರೂಮಿನ ಮೂಲೆಯಲ್ಲಿ ಮೈ ಕುಗ್ಗಿಸಿಕೊಂಡು ಗೋಡೆಗೆ ಮುಖ ಮಾಡಿ ಕೂತಿತ್ತು. ಮೂಗು ಮಿಡಿಯುವುದು ನಿಧಾನವಾಗಿತ್ತು. ರಾತ್ರಿ ಇಟ್ಟ ಸೊಪ್ಪು ಹಾಗೇ ಇತ್ತು, ಒಂದು ಹಿಕ್ಕೆಯೂ ಬಿದ್ದಿರಲಿಲ್ಲ. ಮುಟ್ಟಿದರೆ ಹೊಟ್ಟೆ ಊದಿ ಗಟ್ಟಿಯಾಗಿತ್ತು, ಕಿವಿಗಳು ತಣ್ಣಗಿದ್ದವು. ಪ್ರಕಾಶ ಆಫೀಸಿನ ಕೆಲಸಕ್ಕೆ ಹೈದರಾಬಾದಿಗೆ ಹೋಗಿದ್ದರು. ಇಳಾ ಅಳಲು ಶುರು ಮಾಡಿದಳು. ಅವಳನ್ನು ಪಕ್ಕದ ಮನೆಯಲ್ಲಿ ಬಿಟ್ಟು, ನಾನು ರಾಗಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಗೆ ಬರುವಷ್ಟರಲ್ಲಿ ಮಾವನವರು ಶರ್ಟಿನ ಗುಂಡಿಯನ್ನು ತಪ್ಪು ತಪ್ಪಾಗಿ ಹಾಕಿಕೊಂಡು ಆಟೋ ನಿಲ್ಲಿಸಿಯಾಗಿತ್ತು.

ಸಂಜಯನಗರದಲ್ಲಿ ಪ್ರಾಣಿಗಳ ಕ್ಲಿನಿಕ್ಕೊಂದು ಭಾನುವಾರವೂ ತೆರೆದಿರುತ್ತದೆ. ದಾರಿಯುದ್ದಕ್ಕೂ ಅವರು ಟವೆಲಿನೊಳಗೆ ಕೈಯಿಟ್ಟು ಆ ಕಿವಿಗಳನ್ನು ಬೆಚ್ಚಗೆ ಹಿಡಿದುಕೊಂಡಿದ್ದರು, ನಿಂತದ್ದೊಂದು, ಬಿದ್ದದ್ದೊಂದು. ಆಟೋ ಹೆಬ್ಬಾಳದ ಫ್ಲೈಓವರಿನ ಮೇಲೆ ಸಿಕ್ಕಿಕೊಂಡಾಗ, "ಉಸಿರಾಡ್ತಿದೆಯೇನಮ್ಮಾ ಮಂಜುಳಾ?" ಎಂದು ಕೇಳಿದರು. ಮಂಜುಳಾ ಎಂದು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲೆಂದು ಆಗ ಗಮನಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಕಂಪ್ಯೂಟರಿನ ಮುಂದೆ ಕೂತು ಕೇಳಿದರು.

"ಹೆಸ್ರು?"

"ರಾಗಿ."

"ವಯಸ್ಸು?"

"ಸರಿಯಾಗಿ ಗೊತ್ತಿಲ್ಲ. ಎರಡು ಇರ್ಬಹುದು."

"ಬ್ರೀಡ್?"

ನಾನು ಮಾವನವರನ್ನು ನೋಡಿದೆ. ಇಷ್ಟು ತಿಂಗಳು ಅವರು ಕಾದದ್ದು ಈ ಪ್ರಶ್ನೆಗೇ ಅಲ್ಲವೇ? ಅವರೂ ಬಾಯಿ ತೆರೆದರು. "ತಾಯಿ ಕಡೆ ಸೋವಿಯತ್ ಚಿಂಚಿಲ್ಲಾ. ಆದ್ರೆ ಕಿವಿ ನೋಡಿದ್ರೆ ತಂದೆ ಕಡೆ..."  ಟವೆಲಿನ ಕಡೆ ನೋಡಿದರು.

"ಯಾವುದೋ ಒಂದು ಬರ್ಕೊಳಿ ಡಾಕ್ಟ್ರೇ. ಮೊದ್ಲು ಅದನ್ನ ನೋಡಿ."

ಡಾಕ್ಟರು ಕೀಲಿಮಣೆ ಬಿಟ್ಟು ಎದ್ದರು. ಮೊಲಗಳ ಕರುಳು ನಿಂತುಬಿಟ್ಟರೆ ಬಹಳ ಬೇಗ ಕೈಮೀರುತ್ತದೆ, ಬೇಗ ತಂದದ್ದು ಒಳ್ಳೆಯದಾಯಿತು, ಆದರೂ ಈಗಲೇ ಏನೂ ಹೇಳಲಾರೆ ಎಂದರು. ಒಳಗೆ ಕರೆದುಕೊಂಡು ಹೋಗಿ ಡ್ರಿಪ್ಪು ಹಾಕಿದರು. ನಾವಿಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತೆವು. ಎದುರಿಗೆ ಒಂದು ಪಂಜರದಲ್ಲಿ ಗಿಳಿ, ಇನ್ನೊಬ್ಬರ ಮಡಿಲಲ್ಲಿ ಬ್ಯಾಂಡೇಜು ಸುತ್ತಿದ ಬೆಕ್ಕು. ಫ್ಯಾನು ತಿರುಗುತ್ತಿತ್ತು. ಬಹಳ ಹೊತ್ತಿನ ಮೇಲೆ ಮಾವನವರು ಫ್ಯಾನಿನ ಕಡೆ ನೋಡುತ್ತಲೇ ಮಾತಾಡಿದರು.

"ನಿಮ್ಮ ತಂದೆ ಹೋದಾಗ ನಾನು ಬರ್ಲಿಲ್ಲ."

ನಾನು ಅವರ ಕಡೆ ತಿರುಗಿದೆ.

"ಸ್ಕೂಟರ್ ಹೊರಗೆ ತೆಗ್ದಿದ್ದೆ. ಗೇಟಿನವರೆಗೂ ತಳ್ಕೊಂಡು ಬಂದೆ. ಅಲ್ಲಿಗೆ ಬಂದು ಯಾವ ಮುಖ ಇಟ್ಕೊಂಡು ನಿಲ್ಲೋದು ಅನ್ನಿಸ್ತು. ಮತ್ತೆ ಒಳಗಿಟ್ಟೆ."

 ಪರವಾಗಿಲ್ಲ ಎನ್ನಲು ಮನಸ್ಸು ಬರಲಿಲ್ಲ, ಯಾಕೆಂದರೆ ಆಗ ಪರವಾಗಿತ್ತು. ಸುಳ್ಳು ಹೇಳದೆ ಸಮಾಧಾನ ಹೇಳುವುದು ಹೇಗೆಂದು ನನಗೆ ಇವತ್ತಿಗೂ ತಿಳಿಯದು. ಅವರ ಶರ್ಟಿನ ಗುಂಡಿಗಳು ಇನ್ನೂ ತಪ್ಪಾಗಿಯೇ ಇದ್ದವು. "ಗುಂಡಿ ಸರಿ ಮಾಡ್ಕೊಳಿ ಮಾವ" ಎಂದೆ. ಅವರು ವಿಧೇಯವಾಗಿ ಒಂದೊಂದಾಗಿ ಬಿಚ್ಚಿ ಹಾಕಿಕೊಂಡರು.

ಮಧ್ಯಾಹ್ನಕ್ಕೆ ರಾಗಿಯನ್ನು ಮನೆಗೆ ಕಳಿಸಿದರು. ಔಷಧಿ ಕೊಡಬೇಕು, ಹಿಟ್ಟಿನಂತೆ ಕಲಸಿದ ಆಹಾರವನ್ನು ಸಿರಿಂಜಿನಲ್ಲಿ ಬಾಯಿಗೆ ಹಾಕಬೇಕು, ಹೊಟ್ಟೆ ನೀವಬೇಕು. "ಇದಕ್ಕೆ ಏನೇನ್ ತಿನ್ನಿಸ್ತಿದ್ರಿ?" ಎಂದು ಡಾಕ್ಟರು ಕೇಳಿದಾಗ ಹೊರಬಂದ ಪಟ್ಟಿಯಲ್ಲಿ ಕ್ಯಾರೆಟ್ಟು, ಇಳಾಳ ಬಿಸ್ಕತ್ತು, ಮಾವನವರ ಅವಲಕ್ಕಿ ಎಲ್ಲ ಇದ್ದವು. ನಮ್ಮೆಲ್ಲರ ಪ್ರೀತಿಯೂ ಸೇರಿ ಅದರ ಹೊಟ್ಟೆಯಲ್ಲಿ ಗಟ್ಟಿಯಾಗಿತ್ತು. ಸಂಜೆ ದೀಪ ಹಚ್ಚುತ್ತಿದ್ದೆ, ಮಾವನವರ ಕೂಗು ಕೇಳಿಸಿತು.

"ಮಂಜುಳಾ! ಬಾರೇ! ಹಿಕ್ಕೆ ಹಾಕ್ತು ಕಣೇ!"

ಅಂಗೈಯಲ್ಲಿ ಅದನ್ನಿಟ್ಟುಕೊಂಡು, ಪ್ರಸಾದ ತೋರಿಸುವವರಂತೆ ನಿಂತಿದ್ದರು. ಇಳಾ ಕುಣಿದಾಡಿದಳು. ನಾನು ದೀಪಕ್ಕೆ ಎಣ್ಣೆ ಹಾಕುವುದನ್ನು ಮರೆತು ಅಲ್ಲೇ ಕೂತು ಅತ್ತುಬಿಟ್ಟೆ.

ಇನ್ನು ಮುಂದೆ ಹುಲ್ಲೇ ಹೆಚ್ಚು ಕೊಡಬೇಕು, ತಾಜಾ ಗರಿಕೆಯಾದರೆ ಒಳ್ಳೆಯದು ಎಂದಿದ್ದರು ಡಾಕ್ಟರು. ನಮ್ಮ ಪಾರ್ಕಿನಲ್ಲಿ ಔಷಧಿ ಹೊಡೆಯುತ್ತಾರೆ, ಅದರ ಮೇಲೆ ಅಷ್ಟೊಂದು ಜಾತಿ ನಾಯಿಗಳು. ಅವ್ವನಿಗೆ ಫೋನು ಮಾಡಿದೆ. "ಉಲ್ಲಾ? ಇತ್ಲಾಗೆ ಮಂಡೀಗಂಟ ಬೆಳ್ದೈತೆ, ಬಾ" ಎಂದಳು. ಮರುದಿನ ನಾನು ಚೀಲ ಹಿಡಿದು ಹೊರಟಾಗ ಮಾವನವರೂ ಷೂ ಹಾಕಿಕೊಂಡು ಬಂದು ಆಟೋದಲ್ಲಿ ಕೂತರು.  ಗಂಗಮ್ಮನ ಗುಡಿ, ಜಾಲಹಳ್ಳಿ ದಾಟಿ ಶೆಟ್ಟಿಹಳ್ಳಿಗೆ ಬಂದೆವು. ಅಪಾರ್ಟ್‌ಮೆಂಟುಗಳ ನಡುವೆ ನಮ್ಮ ಹಂಚಿನ ಮನೆಯ ಮುಂದೆ ಆಟೋ ನಿಂತಿತು.

"ನೀನು ಕೊಯ್ಕೊಂಡು ಬಾ. ನಾನು ಇಲ್ಲೇ ಕೂತಿರ್ತೀನಿ."

"ಗರಿಕೆ ಯಾವುದು, ಕಳೆ ಯಾವುದು ಅಂತ ನಂಗೆ ಗೊತ್ತಾಗಲ್ಲ ಮಾವ. ನೀವೇ ಬಂದು ನೋಡ್ಬೇಕು."

ಆ ಹಿತ್ತಲಲ್ಲಿ ಗರಿಕೆ ಕಿತ್ತೇ ಬೆಳೆದವಳು ನಾನು. ಅದು ಅವರಿಗೂ ಗೊತ್ತಿರಬೇಕು. ಮೆಲ್ಲಗೆ ಇಳಿದು ನನ್ನ ಹಿಂದೆ ಬಂದರು.

ಅವ್ವ ಬಾಗಿಲಿಗೆ ಬಂದಳು. ನನ್ನ ಹಿಂದೆ ನಿಂತವರನ್ನು ನೋಡಿದಳು. ಹಾಗೇ ತಿರುಗಿ ಒಳಗೆ ಹೋದಳು.  ಮಾವನವರು ಮೆಟ್ಟಿಲ ಮೇಲೆ ಇಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು. ಒಳಗೆ ನೀರು ಮೊಗೆದ ಸದ್ದು ಕೇಳಿಸಿತು. ಅವ್ವ ತಲೆಯ ಮೇಲೆ ಸೆರಗು ಹೊದ್ದು, ಎರಡೂ ಕೈಯಲ್ಲಿ ತುಂಬಿದ ಹಿತ್ತಾಳೆ ಚೊಂಬು ಹಿಡಿದು ಹೊರಗೆ ಬಂದಳು.

"ಅಯ್ಯೋ, ಕಾಲಿಗೆ ನೀರೆಲ್ಲಾ ಯಾಕೆ" ಎಂದರು ಮಾವನವರು. "ನಾನು ಹುಲ್ಲಿಗೆ ಅಂತ ಬಂದೆ."

"ಯಾತಕ್ ಬಂದ್ರೇನು, ಬಂದ್ರಲ್ಲ."

ಮಾವನವರು ಬಗ್ಗಿ ಷೂವಿನ ದಾರ ಬಿಚ್ಚತೊಡಗಿದರು. ಗಂಟು ಬಿಗಿದುಕೊಂಡಿತ್ತು. ಅವಸರವೇನಿಲ್ಲ ಎಂಬಂತೆ ಅವ್ವ ಚೊಂಬು ಹಿಡಿದು ನಿಂತೇ ಇದ್ದಳು.